ಐದು ಕೊಂಡಿಗಳ ಸರಪಳಿ: ಪ್ರಾಸ್ಟೇಟ್ ಕ್ಯಾನ್ಸರ್ ನಮ್ಮೂರಲ್ಲಿ ತಡವಾಗಿ ಗೊತ್ತಾಗೋದೇಕೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಜನ ಪಾಸಾದರು ಅನ್ನೋದಕ್ಕೆ ಇಲ್ಲಿ ಪಕ್ಕಾ ಲೆಕ್ಕ ಸಿಗುತ್ತೆ. ಕ್ಯಾನ್ಸರಿನ ಲೆಕ್ಕ ಹಾಗಲ್ಲ. ಕಿದ್ವಾಯಿ ಸಂಸ್ಥೆ 1980ರ ದಶಕದಿಂದ ನಡೆಸುತ್ತಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಆ ನಗರದ ನಿವಾಸಿಗಳದ್ದು. ನಮ್ಮೂರುಗಳು ಅದರ ಗಡಿಯಾಚೆ. ಎಣಿಸದೆ ಇದ್ದಾಗ ರೋಗವೇ ಕಡಿಮೆ ಅನ್ನಿಸಿಬಿಡುತ್ತೆ.

ಸದ್ದಿಲ್ಲದ ರೋಗ

ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಚಿಕ್ಕ ಗ್ರಂಥಿ. ಮೂತ್ರನಾಳ ಇದರ ನಡುವೆ ಹಾದುಹೋಗುತ್ತದೆ. ವಯಸ್ಸಾದಂತೆ ನಾಳದ ಸುತ್ತಲಿನ ಭಾಗ ದೊಡ್ಡದಾಗುವುದು ಸಾಮಾನ್ಯ. ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರಭಾಗದಲ್ಲಿ. ಹಾಗಾಗಿ ಶುರುವಿನಲ್ಲಿ ಸಾಮಾನ್ಯವಾಗಿ ನೋವಿಲ್ಲ, ಮೂತ್ರಕ್ಕೂ ತೊಂದರೆಯಿಲ್ಲ. ಹರಡಿದಾಗ ಬೆನ್ನುಮೂಳೆ, ಸೊಂಟದ ಮೂಳೆಗಳಿಗೆ ಹೋಗುವುದು ಹೆಚ್ಚು.

ನಮ್ಮ ಸೀಮೆಯ ತೊಡಕು ಇಲ್ಲೇ ಇರೋದು. ಪಾವಗಡ, ಶಿರಾ, ಮಧುಗಿರಿ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಬೆನ್ನುನೋವು ಅಂದರೆ "ನೀರಿನ ದೋಷ, ವಯಸ್ಸೂ ಆಯ್ತಲ್ಲ" ಅಂತ ಸುಮ್ಮನಾಗೋದು ಸುಲಭ. ಎಕ್ಸ್‌ರೇಯಲ್ಲೂ ಫ್ಲೋರೋಸಿಸ್ ಮತ್ತು ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಎರಡರಲ್ಲೂ ಮೂಳೆ ದಟ್ಟ ಬಿಳಿಯಾಗಿ ಕಾಣಬಹುದು.

ಸರಪಳಿಯ ಲೆಕ್ಕ

ಪತ್ತೆಯ ಮೊದಲ ಹೆಜ್ಜೆ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ. ಆದರೆ ಗ್ರಂಥಿ ಊದಿದರೂ, ಸೋಂಕಾದರೂ ಪಿ.ಎಸ್.ಎ. ಏರುತ್ತದೆ. ಏರಿದೆ ಅಂತ ಬಯಾಪ್ಸಿ ಮಾಡಿಸಿಕೊಂಡ ನಾಲ್ವರಲ್ಲಿ ಸುಮಾರು ಒಬ್ಬರಿಗಷ್ಟೇ ಕ್ಯಾನ್ಸರ್ ಸಿಗುತ್ತದೆ. ಆದ್ದರಿಂದ ದಾರಿ ಉದ್ದ: ಮೊದಲ ಪರೀಕ್ಷೆ, ಮರುಪರೀಕ್ಷೆ, ಎಂ.ಆರ್.ಐ., ಬಯಾಪ್ಸಿ, ಕೊನೆಗೆ ವರದಿ ಹಿಡಿದು ಮತ್ತೆ ತಜ್ಞರ ಬಳಿ.

ಇದು ನಾವು ಕ್ಲಾಸಿನಲ್ಲಿ ಓದುವ ಸೀರೀಸ್ ಸಿಸ್ಟಮ್. ಉದಾಹರಣೆಗೆ, ಪ್ರತಿ ಹಂತವನ್ನೂ ನೂರಕ್ಕೆ 80 ಜನ ದಾಟುತ್ತಾರೆ ಅಂತಿಟ್ಟುಕೊಳ್ಳಿ. 0.8 ಅನ್ನು ಐದು ಸಲ ಗುಣಿಸಿದರೆ 0.33. ಅಂದರೆ ಕೊನೆ ಮುಟ್ಟುವವರು 33 ಜನ. ಯಾವ ಹಂತವೂ ಪೂರ್ತಿ ಕೆಟ್ಟಿಲ್ಲ, ಆದರೂ ಮೂರರಲ್ಲಿ ಇಬ್ಬರು ದಾರಿಯಲ್ಲೇ ಉಳಿದರು!

ಬೆಂಗಳೂರಿನಲ್ಲಿ ಸಂಬಳದ ಕೆಲಸದಲ್ಲಿರುವವರಿಗೆ ಈ ಹಂತಗಳೆಲ್ಲ ಒಂದೇ ಊರಿನೊಳಗೆ ಮುಗಿಯಬಹುದು. ಪಾವಗಡದ ಕಡ್ಲೆಕಾಯಿ ಬೆಳೆಗಾರರಿಗೆ ತುಮಕೂರೇ ಸುಮಾರು 100 ಕಿ.ಮೀ., ಬೆಂಗಳೂರು ಇನ್ನೂ ದೂರ. ಪ್ರತಿ ಹಂತಕ್ಕೂ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ನಿಜ. ಆದರೆ ಕಳೆದುಹೋದ ಕೂಲಿಯನ್ನು ಯಾರು ಕೊಡುತ್ತಾರೆ? ಜೊತೆಗೆ, 30 ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲಿರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್, ಪ್ರಾಸ್ಟೇಟ್ ಇಲ್ಲ.

ಹಾಗಾದರೆ ಎಲ್ಲರಿಗೂ ಟೆಸ್ಟ್ ಮಾಡಿಸೋಣವೇ?

ಅಷ್ಟು ಸರಳವಲ್ಲ. ಯುರೋಪಿನ ಎಂಟು ದೇಶಗಳ ದೊಡ್ಡ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಬಂತು. ತಪಾಸಣೆಗೆ ಕರೆದವರ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 13ರಷ್ಟು ಕಡಿಮೆ. ಆದರೆ ಒಂದು ಸಾವು ತಪ್ಪಿಸಲು 456 ಜನರನ್ನು ಕರೆಯಬೇಕಾಯಿತು. ತೊಂದರೆ ಕೊಡದೆ ಇರಬಹುದಾಗಿದ್ದ ಕ್ಯಾನ್ಸರ್‌ಗಳೂ ಹೆಚ್ಚು ಪತ್ತೆಯಾದವು. ಹಾಗಾಗಿ ಒಂದು ಭಾನುವಾರ ಕ್ಯಾಂಪ್ ಹಾಕಿ, ರಕ್ತ ತೆಗೆದು, ಚೀಟಿ ಕೊಟ್ಟು ಕಳಿಸಿದರೆ ಮೊದಲ ಕೊಂಡಿ ಮಾತ್ರ ಗಟ್ಟಿಯಾಗುತ್ತದೆ. ಉಳಿದ ನಾಲ್ಕರ ಗತಿ?

ನಮ್ಮ ಕೈಲಾಗುವುದೂ ಇದೆ. ರಜೆಗೆ ಊರಿಗೆ ಹೋದಾಗ 50 ದಾಟಿದ ಅಪ್ಪ, ದೊಡ್ಡಪ್ಪ, ಮಾವನ ಹತ್ತಿರ ಮುಜುಗರ ಬಿಟ್ಟು ಮಾತಾಡೋಣ. ಮೂತ್ರದಲ್ಲಿ ರಕ್ತ, ರಾತ್ರಿಯೂ ಬಿಡದ ಬೆನ್ನುನೋವು, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದರೆ ಡಾಕ್ಟರಿಗೆ ಹೇಳಿಸೋಣ. ಪರೀಕ್ಷೆ ಬೇಕೇ ಬೇಡವೇ ಅಂತ ಅವರನ್ನೇ ಕೇಳೋಣ. ಮಾಡಿಸಿದರೆ ವರದಿಯ ಫೋಟೋ ನಮ್ಮ ಮೊಬೈಲಿನಲ್ಲಿರಲಿ, ಮುಂದಿನ ತಾರೀಖು ನಮಗೂ ನೆನಪಿರಲಿ, ಆ ದಿನ ಜೊತೆಗೆ ಬಸ್ಸು ಹತ್ತೋಣ.