ಎರಡು ಗೋಡೆ, ನಡುವೆ ಟೊಳ್ಳು

ಇಂಗ್ಲೆಂಡಿನ ಮನೆಗಳಲ್ಲಿ ಇಂಟರ್ನೆಟ್ ಕೇಬಲ್ ಎಳೆಯುವ ಕೆಲಸಕ್ಕೆ ಇಳಿದಾಗ ನನಗೆ ಗೊತ್ತಿದ್ದದ್ದು ನಮ್ಮೂರ ಗೋಡೆ ಮಾತ್ರ: ಒಂಬತ್ತಿಂಚು ಇಟ್ಟಿಗೆ, ಎರಡೂ ಬದಿಗೆ ಗಾರೆ. ಇಲ್ಲಿ 1920ರ ದಶಕದಿಂದೀಚೆಗೆ ರೂಢಿಗೆ ಬಂದ ಹೊರಗೋಡೆ ಬೇರೆಯೇ. ಹೊರಗೊಂದು ಗೋಡೆ, ಒಳಗೊಂದು ಗೋಡೆ, ನಡುವೆ ಎರಡು ಮೂರು ಇಂಚು ಟೊಳ್ಳು. ಇದನ್ನು ಅರ್ಥಮಾಡಿಕೊಳ್ಳದೆ ಕೊರೆದದ್ದರಿಂದ ಕಲಿತದ್ದು ಇಷ್ಟು.

1. ಮೊದಲು ಇಟ್ಟಿಗೆಯ ಸಾಲು ನೋಡಿ

ಹೊರಗಿನಿಂದ ಎಲ್ಲ ಇಟ್ಟಿಗೆಯೂ ಉದ್ದುದ್ದ ಮಲಗಿದ್ದರೆ ಸಾಮಾನ್ಯವಾಗಿ ಒಳಗೆ ಟೊಳ್ಳಿರುತ್ತದೆ. ನಡುನಡುವೆ ಇಟ್ಟಿಗೆಯ ಗಿಡ್ಡ ತುದಿಯೂ ಕಂಡರೆ ಹಳೆಯ ಗಟ್ಟಿ ಗೋಡೆ ಇರಬಹುದು. ಒಳಗಡೆ ಸ್ವಿಚ್ಚು, ಪ್ಲಗ್ಗುಗಳ ನೇರಕ್ಕೆ, ಮೇಲೆ ಕೆಳಗೆ ಅಕ್ಕಪಕ್ಕ, ಕರೆಂಟಿನ ವೈರು ಹಾದಿರುತ್ತದೆ. ಅಲ್ಲಿ ಕೊರೆಯಲೇಬೇಡಿ.

2. ತೂತು ಹೊರಕ್ಕೆ ಇಳಿಜಾರಾಗಿರಲಿ

ನಾನು ಮಟ್ಟಸವಾಗಿ ಕೊರೆಯುತ್ತಿದ್ದೆ, ನೋಡಲು ಚೆಂದ ಎಂದು. ಮಳೆ ಬಂದಾಗ ನೀರು ಕೇಬಲ್ಲಿನ ಮೈ ಹಿಡಿದು ಒಳಗೆ ಬಂತು. ಈಗ ಒಳಗಿನಿಂದಲೇ, ಡ್ರಿಲ್ಲಿನ ಮೂತಿ ಸ್ವಲ್ಪ ಕೆಳಗೆ ಬಾಗಿಸಿ ಕೊರೆಯುತ್ತೇನೆ. ಹೊರಗಿನ ಕೇಬಲ್ಲು ತೂತಿಗಿಂತ ಕೆಳಕ್ಕೆ ಇಳಿದು, ಅಲ್ಲಿಂದ ಮೇಲೇರಿ ಒಳಹೋಗಬೇಕು. ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಹೊರಮೈ ಹತ್ತಿರವಾದಂತೆ ಡ್ರಿಲ್ಲಿನ ಹ್ಯಾಮರ್ ನಿಲ್ಲಿಸಿ, ಇಲ್ಲವಾದರೆ ಇಟ್ಟಿಗೆಯ ಮುಖ ಚಕ್ಕೆಯೆದ್ದು ಹೋಗುತ್ತದೆ.

3. ಟೊಳ್ಳನ್ನು ತುಂಬಬೇಡಿ

ನನ್ನ ದೊಡ್ಡ ತಪ್ಪು ಇದು. ತೂತು ಭದ್ರವಾಗಲೆಂದು ಉಬ್ಬುವ ಫೋಮನ್ನು ಕೈತುಂಬ ಒತ್ತಿದೆ. ಅದು ಟೊಳ್ಳಿನೊಳಗೆ ಉಬ್ಬಿ ಎರಡು ಗೋಡೆಗೂ ಅಂಟಿಕೊಂಡಿತು. ಚಳಿಗಾಲದ ಗಾಳಿಮಳೆಯ ನಂತರ ಆ ಮನೆಯವರ ಮಲಗುವ ಕೋಣೆಯ ಗೋಡೆಯಲ್ಲಿ ತೇವದ ಕಲೆ ಎದ್ದಿತು.

ಹೊರಗಿನ ಇಟ್ಟಿಗೆ ಮಳೆಯನ್ನು ಪೂರ್ತಿ ತಡೆಯುವುದಿಲ್ಲ. ಒಸರಿದ ನೀರು ಅದರ ಒಳಮೈಯಲ್ಲೇ ಕೆಳಗಿಳಿಯಲಿ, ಒಳಗಿನ ಗೋಡೆಗೆ ದಾಟದಿರಲಿ ಎಂದೇ ನಡುವೆ ಜಾಗ ಬಿಟ್ಟಿರುತ್ತಾರೆ. ನಾನು ಹಾಕಿದ ಫೋಮು ನೀರಿಗೆ ಸೇತುವೆಯಾಗಿತ್ತು. ಹೊರಗಿನ ಇಟ್ಟಿಗೆ ಕಿತ್ತು ಅದನ್ನು ಕೆತ್ತಿ ತೆಗೆಯುವಾಗ, ಎರಡು ಗೋಡೆಗಳನ್ನು ಬಿಗಿದ ಲೋಹದ ತಂತಿಯನ್ನು ಹತ್ತಿರದಿಂದ ನೋಡಿದೆ. ಅದರ ನಡುಮಧ್ಯೆ ಒಂದು ತಿರುಚು ಇತ್ತು. ತಂತಿಗುಂಟ ಬಂದ ಹನಿ ಅಲ್ಲಿಂದ ಕೆಳಗೆ ಬೀಳಲೆಂದು ಮಾಡಿದ್ದು. ಕಟ್ಟಿದವರು ಒಂದೊಂದು ತಂತಿಗೂ ಇಷ್ಟು ಯೋಚಿಸಿದ್ದರು.

4. ಕೇಬಲ್ಲಿಗೊಂದು ಪೈಪು ಕೊಡಿ

ಕೆಲವು ಮನೆಗಳಲ್ಲಿ ಚಳಿ ತಡೆಯಲು ಟೊಳ್ಳಿಗೆ ಥರ್ಮೋಕೋಲ್ ಮಣಿ ತುಂಬಿರುತ್ತಾರೆ. ಹಳೆಯ ಕೆಲಸಗಳಲ್ಲಿ ಮಣಿಗಳು ಅಂಟಿಕೊಂಡಿರದೆ ಬಿಡಿಬಿಡಿ ಇರುತ್ತವೆ. ತೂತು ಬಿದ್ದ ಕೂಡಲೇ ಹರಿದ ಚೀಲದಿಂದ ಸಬ್ಬಕ್ಕಿ ಸುರಿದಂತೆ ಸುರಿಯುತ್ತವೆ. ಜೊತೆಗೆ, ಮಾಮೂಲಿ ಪಿವಿಸಿ ಹೊದಿಕೆಯ ಕೇಬಲ್ಲು ಥರ್ಮೋಕೋಲಿಗೆ ತಾಗಿಕೊಂಡೇ ಇದ್ದರೆ ಹೊದಿಕೆಯ ಮೆದುತನ ಹೋಗಿ ಕಾಲಕ್ರಮೇಣ ಪೆಡಸಾಗುತ್ತದೆ. ಹೊರಗೋಡೆಯಿಂದ ಒಳಗೋಡೆಯವರೆಗೆ ಒಂದೇ ಗಟ್ಟಿ ಪ್ಲಾಸ್ಟಿಕ್ ಪೈಪು ತೂರಿಸಿದರೆ ಎರಡೂ ತೊಂದರೆ ತಪ್ಪುತ್ತವೆ. ಮುಂದೆ ಕೇಬಲ್ಲು ಬದಲಿಸುವುದೂ ಸಲೀಸು.

5. ತಲೆಯಿಲ್ಲದ ಕೇಬಲ್ಲನ್ನೇ ತೂರಿಸಿ

ಅಂಗಡಿಯಲ್ಲಿ ಸಿಗುವ ಸಿದ್ಧ ಕೇಬಲ್ಲಿನ ಪ್ಲಗ್ಗು ಹೋಗಬೇಕೆಂದರೆ ತೂತು ಬೇಡದಷ್ಟು ದೊಡ್ಡದಾಗುತ್ತದೆ. ಬರಿ ಕೇಬಲ್ಲು ಎಳೆದು ಆಮೇಲೆ ಸಾಕೆಟ್ ಜೋಡಿಸಿ. ಹೊರಗೆ ಓಡುವುದು ಬಿಸಿಲು ತಾಳುವ ಹೊದಿಕೆಯದೇ ಆಗಿರಲಿ.

6. ಪರೀಕ್ಷಿಸಿ, ಆಮೇಲೆ ಮುಚ್ಚಿ

ಎಂಟು ಎಳೆಗಳೂ ಸರಿಯಿವೆಯೇ ಎಂದು ಟೆಸ್ಟರ್ ಹಾಕದೆ ಸೀಲ್ ಮಾಡಿ, ಎಲ್ಲ ಬಿಚ್ಚಿದ್ದುಂಟು. ಮುಚ್ಚುವುದು ಎರಡು ಕಡೆ: ಪೈಪಿನ ಸುತ್ತ, ಮತ್ತೆ ಪೈಪಿನೊಳಗೆ ಕೇಬಲ್ಲಿನ ಸುತ್ತ. ಸುತ್ತಲಿಗೆ ಹೊರಾಂಗಣದ ಸೀಲಂಟ್ ಹಚ್ಚಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದು ಸಿಮೆಂಟಿಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಪೈಪಿನ ಬಾಯಿಗೆ ಗಟ್ಟಿಯಾಗದ ಪುಟ್ಟಿ ಒತ್ತಿದರೆ ಬೇಕಾದಾಗ ಕೀಳಬಹುದು. ಒಳಬದಿಯನ್ನೂ ಹೀಗೆಯೇ ಮುಚ್ಚಿ. ನಾನು ಬಹಳ ಕಾಲ ಬಿಡುತ್ತಿದ್ದೆ, ಟೊಳ್ಳಿನ ತಣ್ಣನೆ ಗಾಳಿ ಸಾಕೆಟ್ಟಿನ ಅಂಚಿನಿಂದ ಕೋಣೆಗೆ ಬರುತ್ತಿತ್ತು. ಸೀಲಂಟ್ ಹಚ್ಚುವ ಮೊದಲು ತೂತಿನ ಪುಡಿಯನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ತೆಗೆಯಿರಿ, ಪುಡಿಯ ಮೇಲೆ ಯಾವ ಸೀಲಂಟೂ ನಿಲ್ಲದು.