ಗೋಡೆ ಒಡೆಯುವ ಮುಂಚೆ ಒಲೆ ಹೂಡು

ಮಗಳೇ, ಅಡುಗೆಮನೆ ಒಡೆಸುವ ದಿನ ಗೊತ್ತುಮಾಡಿದ್ದೇವೆ ಅಂದೆಯಲ್ಲ, ಅದರ ಹಿಂದಿನ ದಿನವೇ ಊಟದ ಕೋಣೆಯಲ್ಲಿ ಒಲೆ ಹೂಡಿ ಒಂದು ಹೊತ್ತಿನ ಅಡುಗೆ ಅಲ್ಲೇ ಮಾಡಿ ನೋಡು. ಏನೇನು ಕೊರತೆ ಅನ್ನುವುದು ಆಗಲೇ ತಿಳಿಯುತ್ತದೆ. ಇಕ್ಕಳ, ಲೈಟರು, ಚಹಾ ಸೋಸುವ ಜರಡಿ, ಇಂಥವೇ ಕಟ್ಟಿಟ್ಟ ಡಬ್ಬಗಳ ತಳ ಸೇರಿರುತ್ತವೆ.

ಇಂಡಕ್ಷನ್ ಒಲೆಯಾದರೆ ಪಾತ್ರೆಗಳ ತಳಕ್ಕೆ ಅಯಸ್ಕಾಂತ ಹಿಡಿದು ನೋಡು. ಅಂಟದ ಪಾತ್ರೆ ಅದರ ಮೇಲೆ ಕಾಯುವುದಿಲ್ಲ. 2000 ವಾಟ್‌ವರೆಗೆ ಕರೆಂಟು ಎಳೆಯುವ ಒಲೆ ಅದು, 16 ಆಂಪ್ ಸಾಕೆಟ್ಟಿಗೇ ಹಾಕು. ಗ್ಯಾಸನ್ನೇ ಆ ಕೋಣೆಗೆ ತಂದರೆ ಇನ್ನೂ ಎಚ್ಚರ ಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿಕೊಳ್ಳುತ್ತದೆ. ಪಕ್ಕದಲ್ಲೇ ಕಿಡಿ ಹಾರಿಸುವ ಮೆಷಿನ್ನು ಓಡುತ್ತಿರುತ್ತದೆ. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ, ಕಿಟಕಿ ತೆರೆದಿರಲಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡು.

ನನಗೆ ಎಲ್ಲಕ್ಕಿಂತ ಚಿಂತೆ ನಿನ್ನ ಅತ್ತೆಯವರದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಕೈ ನಡುಗಿ, ಬೆವರಿ, ತಲೆ ಸುತ್ತುವುದುಂಟು. ಮೇಸ್ತ್ರಿ ಬರಲಿಲ್ಲ, ನೀರು ನಿಲ್ಲಿಸಿಬಿಟ್ಟರು ಅಂತ ಅವರ ಊಟದ ಹೊತ್ತು ಜಾರಬಾರದು. ದಿನಾ ಹೋಟೆಲಿನಿಂದ ತರಿಸುವುದನ್ನೂ ನೆಚ್ಚಬೇಡ. ಈಗಲೇ ಮೆಂತ್ಯದ ಹಿಟ್ಟು, ಚಟ್ನಿಪುಡಿ ಮಾಡಿಡು, ರವೆ ಹುರಿದಿಡು. ಮೆಂತ್ಯದ ಹಿಟ್ಟನ್ನು ಮೊಸರಿಗೆ ಕಲಸಿ ಇಂಗಿನ ಒಗ್ಗರಣೆ ಕೊಟ್ಟರೆ ಗೊಜ್ಜಾಯಿತು. ಅನ್ನ, ಸೊಪ್ಪಿನ ಹುಳಿ ಒಂದೇ ಕುಕ್ಕರಿನಲ್ಲಿ ಆಗುತ್ತದೆ. ರೊಟ್ಟಿ ತಟ್ಟುವುದು, ದೋಸೆಗೆ ರುಬ್ಬುವುದು ಅಷ್ಟು ದಿನ ಬೇಡ. ಎಂಜಲು ಪಾತ್ರೆ ಹಿತ್ತಲ ಕಲ್ಲಿನ ಮೇಲೆ ತೊಳೆ, ಅನ್ನದಗುಳು ಬಚ್ಚಲಿಗೆ ಇಳಿದು ಕೊಳವೆ ಕಟ್ಟಿಕೊಂಡರೆ ಇಮ್ಮಡಿ ಕಷ್ಟವಾಗುತ್ತದೆ.

ಟೈಲ್ಸನ್ನು ಅಂಗಳದಲ್ಲೇ, ನೀರು ಹಾಕಿಕೊಂಡೇ ಕೊಯ್ಯಲು ಹೇಳು. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಹಾಳುಮಾಡುತ್ತದೆ. ನಿಮ್ಮ ಮನೆಗೆ ಅದು ಕೆಲವು ದಿನದ ಮಾತು, ಕೆಲಸದ ಹುಡುಗರು ವರ್ಷವಿಡೀ ಅದರಲ್ಲೇ ಉಸಿರಾಡುತ್ತಾರೆ. ಅವರಿಗೆ ಚಹಾದ ಜೊತೆ ಒಳ್ಳೆಯ ಮಾಸ್ಕನ್ನೂ ಕೊಡು.

ಬೇಗ ಮುಗಿಸಿ ಅಂತ ಮೇಸ್ತ್ರಿಯ ಬೆನ್ನು ಹತ್ತಬೇಡ. ಹೊಸ ಕಾಂಕ್ರೀಟಿಗೆ ಕಡಿಮೆಯೆಂದರೂ 7 ದಿನ ನೀರುಣಿಸಬೇಕು. ಅದರ ಬಲವನ್ನು ಲೆಕ್ಕ ಹಾಕುವುದೇ 28ನೇ ದಿನಕ್ಕೆ. ಯಾರೂ ಕೆಲಸಕ್ಕೆ ಬಾರದ ಆ ದಿನಗಳಲ್ಲಿ ಬೆಳಗ್ಗೆ, ಸಂಜೆ ನೀರು ಹಾಕುವವಳು ನೀನೇ. ಗೋಡೆಯೊಳಗೆ ಪೈಪು ಹಾಯಿಸಿದ ಮೇಲೆ, ಟೈಲ್ಸ್ ಮುಚ್ಚುವ ಮುಂಚೆ, ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿಡು. ಮುಂದೆ ಮೊಳೆ ಹೊಡೆಯುವವರಿಗೆ ಬೇಕಾಗುತ್ತದೆ.

ಇನ್ನೊಂದು. ಊಟದ ಮೇಜಿನ ಮೇಲೆ ಹೆಚ್ಚುವಾಗ ಸೊಂಟ ನೋಯುತ್ತದೆಯೇ, ಭುಜ ಏಳುತ್ತದೆಯೇ ಗಮನಿಸು. ಹೆಚ್ಚುವ ಕಟ್ಟೆ ನಿನ್ನ ಮೊಣಕೈಗಿಂತ 4 ಅಂಗುಲದಷ್ಟು ಕೆಳಗಿದ್ದರೆ ಒಳ್ಳೆಯದು. ಮೇಸ್ತ್ರಿ ಬೇರೆ ಮನೆಗಳ ಲೆಕ್ಕದಲ್ಲೇ ಕಟ್ಟೆ ಎಬ್ಬಿಸಲು ಹೊರಡುತ್ತಾನೆ. ನೀನೇ ಗೋಡೆಯ ಮುಂದೆ ಚಪ್ಪಲಿ ಬಿಟ್ಟು ನಿಂತು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗ್ರಾನೈಟಿನ ದಪ್ಪವನ್ನೂ ಸೇರಿಸಿ ಲೆಕ್ಕ ಹೇಳು.