ಪ್ರಶ್ನೆಯೇ ಅರಿವಿನ ಬಾಗಿಲು

ಗುರು ಹೇಳಿದ್ದನ್ನು ಕಂಠಪಾಠ ಮಾಡಿ ಒಪ್ಪಿಸುವುದೇ ವಿದ್ಯೆಯೆಂದು ಭಾವಿಸುವವರು ಅನೇಕರು. ಮಗು ‘ಏಕೆ?’ ಎಂದೊಡನೆ ‘ಸುಮ್ಮನಿರು’ ಎಂದು ಗದರುವುದೂ ಉಂಟು. ಆದರೆ ಶರಣರ ಮಾರ್ಗದಲ್ಲಿ ಪ್ರಶ್ನೆಯು ಅವಿನಯವಲ್ಲ, ಅರಿವಿನ ಬಾಗಿಲು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಗೆ ಕಠಿನವಾದ ಪ್ರಶ್ನೆಗಳನ್ನು ಹಾಕಿದರು. ಆಕೆ ಕೋಪಿಸಲಿಲ್ಲ, ಅನ್ಯರ ಮಾತನ್ನು ಎರವಲು ತರಲಿಲ್ಲ, ಸ್ವಾನುಭವದಿಂದ ಉತ್ತರಿಸಿದಳು. ‘ಶೂನ್ಯಸಂಪಾದನೆ’ಯು ಇಂತಹ ಸಂವಾದಗಳಿಂದಲೇ ಹೆಣೆದ ಗ್ರಂಥ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಪ್ರಶ್ನಿಸಿದಳು. ಪತಿಯು ಅದನ್ನು ಅವಮಾನವೆಂದು ಬಗೆಯದೆ ತನ್ನನ್ನು ತಿದ್ದಿಕೊಂಡನು.

ಶಾಲೆಯ ಪಾಠಕ್ಕೂ ಇದೇ ನ್ಯಾಯ. ಮೊಳಕೆಗೆ ಬೆಳಕು ಬೇಕೆ? ಬೇಕೆಂದೇ ಬಹುಪಾಲು ಮಕ್ಕಳು ಊಹಿಸುವರು. ಉಪಾಧ್ಯಾಯರು ಉತ್ತರ ಹೇಳಿಬಿಡದೆ, ನೆನೆದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿಸಲಿ. ಕತ್ತಲೆಯಲ್ಲಿಯೂ ಅದು ಮೊಳೆಯುವುದು. ಬಳಿಕ ಕೆಲವು ಮೊಳಕೆಗಳನ್ನು ಬಿಸಿಲಿನಲ್ಲಿಯೂ ಕೆಲವನ್ನು ಕತ್ತಲೆಯಲ್ಲಿಯೂ ಬೆಳೆಸಿದರೆ, ಮೊದಲನೆಯವು ಹಸುರಾಗಿ ನಿಲ್ಲುವುವು, ಉಳಿದವು ಬಿಳಿಚಿ ನೀಳವಾಗುವುವು. ಮೊಳೆಯಲು ನೀರು ಬೇಕು, ಬಾಳಲು ಬೆಳಕೂ ಬೇಕು. ತಾನೇ ಕಂಡುಕೊಂಡ ಈ ಸತ್ಯವನ್ನು ಮಗು ಮರೆಯದು.

ದಕ್ಷಿಣ ಬೆಂಗಳೂರಿನಲ್ಲಿ ಈ ನಿಷ್ಠೆಯನ್ನು ಬಾಳಿ ತೋರಿದವರು ಡಾ. ಎಚ್. ನರಸಿಂಹಯ್ಯನವರು (1920–2005). 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು; ಅಲ್ಲಿ ವಾರವಾರವೂ ವಿಜ್ಞಾನೋಪನ್ಯಾಸಗಳು ನಡೆದವು. 1965ರಲ್ಲಿ ಜಯನಗರದಲ್ಲಿಯೂ ನ್ಯಾಷನಲ್ ಕಾಲೇಜು ತೆರೆಯಿತು. ಪರೀಕ್ಷಿಸದೆ ಯಾವುದನ್ನೂ ಒಪ್ಪಬಾರದೆಂದು ಅವರು ವಿದ್ಯಾರ್ಥಿಗಳಿಗೆ ಕಲಿಸಿದರು. ಅವರ ಬಾಳು ಸರಳ, ವಿಚಾರ ನಿರ್ಭೀತ.

ಆದರೆ ಜಿಜ್ಞಾಸೆ ಬೇರೆ, ವಿತಂಡವಾದ ಬೇರೆ. ಗೆಲ್ಲಬೇಕೆಂದು ಕೇಳುವವನು ಅಹಂಕಾರವನ್ನು ಬೆಳೆಸುವನು. ತಿಳಿಯಬೇಕೆಂದು ಕೇಳುವವನು ತನ್ನನ್ನೇ ತಿದ್ದಿಕೊಳ್ಳುವನು. ಉತ್ತರ ತಿಳಿಯದಿದ್ದಲ್ಲಿ ‘ನನಗೂ ತಿಳಿಯದು, ಕೂಡಿ ನೋಡೋಣ’ ಎನ್ನುವುದರಿಂದ ಗುರುವಿನ ಗೌರವವು ಕುಂದುವುದಿಲ್ಲ.

ಗೃಹಸ್ಥರಲ್ಲಿಯೂ ಇದೇ ಬಿನ್ನಹ. ‘ಲಿಂಗಪೂಜೆ ಏಕೆ? ವಿಭೂತಿ ಏಕೆ?’ ಎಂದು ಮಗು ಕೇಳಿದರೆ ಗದರದಿರಿ. ವಿಚಾರವಿಲ್ಲದ ಆಚಾರವು ಹಿರಿಯರ ಕಣ್ಣು ಮರೆಯಾದೊಡನೆ ಕಳಚಿಬೀಳುವುದು. ಅರಿತು ಹಿಡಿದ ಆಚಾರವು ಕಡೆತನಕ ಉಳಿಯುವುದು. ಮಗುವಿನ ಪ್ರಶ್ನೆಗೆ ಕಿವಿಗೊಡುವ ಮನೆಯೇ ಅದರ ಮೊದಲ ಅನುಭವಮಂಟಪ.